ಕೂತು ನುಡಿಸುವ ವಾದ್ಯ

ಮಗಳಿಗೆ ಚೆಲ್ಲೋ ಕೊಡಿಸಿದ್ದಕ್ಕೆ ನನಗಿದ್ದ ಕಾರಣ ಒಂದೇ. ಅದನ್ನು ಕೂತು ನುಡಿಸುತ್ತಾರೆ. ಪಿಟೀಲಾದರೆ ಇಲ್ಲಿಯವರು ನಿಂತು ನುಡಿಸುತ್ತಾರೆ, ಕೊಳಲಿನವರನ್ನೂ ನಿಲ್ಲಿಸುತ್ತಾರೆ. ಶಾಲೆಯ ಹಾಡುವ ಗುಂಪಿಗೆ ಸೇರಿದರಂತೂ ಎಲ್ಲರೆದುರು ಸಾಲಾಗಿ ನಡೆದು ಬರಬೇಕು, ಮತ್ತೆ ಸಾಲಾಗಿ ನಡೆದು ಹೋಗಬೇಕು. ಪಿಟೀಲಿನದೇ ಜಾತಿಯ ಚೆಲ್ಲೋ ಹಾಗಲ್ಲ. ಕುರ್ಚಿಯ ಮೇಲೆ ಕೂತು, ಅಷ್ಟು ದೊಡ್ಡ ಮರದ ಹೊಟ್ಟೆಯನ್ನು ಮುಂದೆ ಒರಗಿಸಿಕೊಂಡರೆ ಆಯಿತು, ಹಿಂದಿರುವ ಕಾಲಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ನಾನು ಮೈಸೂರಿನಲ್ಲಿ ವೀಣೆ ಕಲಿತವಳು. ಕೂತು ನುಡಿಸುವುದೇ ಗಂಭೀರವಾದ ಸಂಗೀತ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಅವರು ಪೂರ್ತಿ ನಂಬುತ್ತಿದ್ದರು, ನಾನು ಅರ್ಧ ನಂಬಿದ್ದೆ.

ಮಗಳು ಹುಟ್ಟಿದ್ದು ಮೈಸೂರಿನಲ್ಲಿ, ನನ್ನ ತವರಿನಲ್ಲಿ. ಅವಳ ಅಪ್ಪ ಆಗಲೇ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರಾಗಿ ಕೆಲಸಕ್ಕೆ ಸೇರಿದ್ದರು. ನಡೆಯಲು ಕಲಿತಾಗ ಮಗು ಸ್ವಲ್ಪ ಓಲಾಡುತ್ತಿತ್ತು. ಬಾತುಕೋಳಿ ಹಾಗೆ ಎಷ್ಟು ಮುದ್ದಾಗಿ ನಡೀತಾಳೆ ಎಂದು ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಲಂಡನ್ನಿನ ಅಂಚಿನ ಸಟನ್‌ಗೆ ಬಂದ ಮೇಲೆ ನಮ್ಮ ಬಡಾವಣೆಯ ಡಾಕ್ಟರು, ಅವಳು ಬಾಗಿಲಿನಿಂದ ಮೇಜಿನ ತನಕ ನಡೆದುಬರುವುದನ್ನು ಒಂದೇ ಸಲ ನೋಡಿ ನನ್ನ ಗಂಡನ ಮುಖ ನೋಡಿದರು. ಸೊಂಟದ ಕೀಲು ಹುಟ್ಟಿನಿಂದಲೇ ತನ್ನ ಗೂಡಿನಲ್ಲಿ ಕೂತಿರಲಿಲ್ಲ. ಆಪರೇಷನ್ನುಗಳಾದವು, ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು, ಬಿಚ್ಚಿದರು. ಕೊನೆಗೆ ಎಡಗಾಲು ಒಂದು ಬೆರಳಿನಷ್ಟು ಗಿಡ್ಡ ಉಳಿಯಿತು. ಆ ಬೂಟಿಗೆ ಅಷ್ಟೇ ದಪ್ಪದ ಅಟ್ಟೆ ಹಾಕಿಸಿಕೊಟ್ಟರು.

ಅದಕ್ಕೊಂದು ಪದ ಕನ್ನಡದಲ್ಲಿದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಆಡುತ್ತಿರಲಿಲ್ಲ. 'ಕಾಲಿನ ವಿಷಯ' ಎನ್ನುತ್ತಿದ್ದೆವು.

ಯುಗಾದಿ, ರಾಜ್ಯೋತ್ಸವಗಳಿಗೆ ಲಂಡನ್ನಿನ ಕನ್ನಡದವರು ಯಾವುದಾದರೂ ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿಯುತ್ತಿದ್ದರು. ಎಲ್ಲರಿಗಿಂತ ಮೊದಲು ಹೋಗುತ್ತಿದ್ದವರು ನಾವು. ಕುರ್ಚಿ ಹಾಕಿ ಮುಗಿಯುವ ಮೊದಲೇ ಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಊಟಕ್ಕೆ ತಟ್ಟೆ ಕೈಗೆ ತಂದುಕೊಟ್ಟು, ಜನ ಖಾಲಿಯಾದ ಮೇಲೆ ಹೊರಡಿಸುತ್ತಿದ್ದೆ. "ಟೈಮಿಗೆ ಸರಿಯಾಗಿ ಬರೋರು ಅಂದ್ರೆ ನೀವೊಬ್ಬರೇ ನೋಡಿ" ಎಂದು ಸಂಘದವರು ನನ್ನನ್ನು ಹೊಗಳುತ್ತಿದ್ದರು. ಒಂದು ಸಲ ಮಾತ್ರ ರೈಲು ತಡವಾಗಿ, ತುಂಬಿದ ಸಭೆಯ ನಡುವೆ ಅವಳು ನಡೆದು ಹೋಗಬೇಕಾಯಿತು. ಪಿನ್ನರ್‌ನಿಂದ ಬಂದಿದ್ದ ಒಬ್ಬಾಕೆ "ಅಯ್ಯೋ ಪಾಪ" ಎಂದಿದ್ದು ನನ್ನ ಕಿವಿಗೆ ಬಿತ್ತು. ಆ ಎರಡು ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಆಕೆ ಆಮೇಲೆ ಎಷ್ಟು ಸಲ ಊಟಕ್ಕೆ ಕರೆದರೂ ನಾನು ಹೋಗಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ತೊಂಬತ್ತರ ದಶಕದ ಕೊನೆಯ ಆ ಚಳಿಗಾಲದಲ್ಲಿ ನನಗೆ ಬಿದ್ದ ಪೆಟ್ಟು ಎಂಥದು ಎಂದು ಓದುವವರಿಗೆ ತಿಳಿಯಬೇಕು.

ಮಗಳಿಗೆ ಹದಿಮೂರಾಗಿತ್ತು. ಅವಳ ಚೆಲ್ಲೋ ಟೀಚರ್ ಆರ್ಕೆಸ್ಟ್ರಾವೊಂದರಿಂದ ನಿವೃತ್ತರಾದ ಇಂಗ್ಲಿಷ್ ಹೆಂಗಸು. ಸಟನ್ ಸ್ಟೇಷನ್ನಿನಿಂದ ಸ್ವಲ್ಪ ದೂರದ ಹಳೆಯ ಮನೆಯಲ್ಲಿ ಒಂದು ದಪ್ಪ ಬೆಕ್ಕಿನ ಜೊತೆ ಒಬ್ಬರೇ ಇದ್ದರು. ಗಂಡಸರ ಸ್ವೆಟರ್ ಹಾಕುತ್ತಿದ್ದರು, ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಲಂಡನ್ನಿನ ನಡುವೆ ಶನಿವಾರಗಳಂದು ಮಕ್ಕಳಿಗೆ ಸಂಗೀತ ಕಲಿಸುವ ದೊಡ್ಡ ಶಾಲೆಯೊಂದಿತ್ತು. ಅಲ್ಲಿ ಸೇರಬೇಕೆಂಬುದು ಮಗಳ ಹಟ. ಬೇರೆ ಹುಡುಗಿಯರು ಬಟ್ಟೆಗೆ, ಫೋನಿಗೆ ಅಳುತ್ತಿದ್ದರೆ ಇವಳು ಈ ಶಾಲೆಗಾಗಿ ಊಟ ಬಿಡುತ್ತಿದ್ದಳು. ಅದಕ್ಕೊಂದು ಆಡಿಷನ್ ಇತ್ತು. ಆಡಿಷನ್ನಿಗೆ ಟೀಚರ್ ಆರಿಸಿಕೊಟ್ಟದ್ದು ಮುನ್ನೂರು ವರ್ಷದಷ್ಟು ಹಳೆಯದಾದ, ಸಾರಬಾಂಡ್ ಎಂಬ ಒಂದು ತುಣುಕು.

ಆ ಸಂಗೀತ ಕೇಳಿದ ದಿನವೇ ನಾನು ಅದಕ್ಕೆ ಸೋತೆ. ಅಷ್ಟು ನಿಧಾನ, ಅಷ್ಟು ಗಂಭೀರ. ಒಂದು ಸ್ವರ ಹಿಡಿದರೆ ಬಿಡಲು ಮನಸ್ಸಿಲ್ಲದ ಹಾಗೆ ಎಳೆಯುತ್ತದೆ. ಈ ದೇಶಕ್ಕೆ ಬಂದಾಗಿನಿಂದ ಇಲ್ಲಿಯ ಕಛೇರಿಗಳಲ್ಲಿ ನನಗೆ ತುಂಬ ಹಿಡಿಸಿದ್ದು ಜನ ಅಲ್ಲಾಡದೆ ಕೂರುವ ರೀತಿ. ನಮ್ಮಲ್ಲಿ ತಲೆ ಆಡಿಸುತ್ತೇವೆ, ತೊಡೆ ತಟ್ಟುತ್ತೇವೆ, ಭಲೇ ಎನ್ನುತ್ತೇವೆ. ಇವರು ಕೆಮ್ಮು ಬಂದರೂ ನುಂಗಿಕೊಂಡು ಕೂರುತ್ತಾರೆ. ಇವರ ಸಂಗೀತಕ್ಕೆ ಮೈಯ ಹಂಗೇ ಇಲ್ಲ, ಬರೀ ಮನಸ್ಸಿನದು ಎಂದು ನಾನೇ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದೆ. ಈ ಸಾರಬಾಂಡ್ ಅದಕ್ಕೆ ಸಾಕ್ಷಿ ಎನಿಸಿತು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಮಗಳಿಗೆ ಅದನ್ನೇ ನುಡಿಸಲು ಹೇಳುತ್ತಿದ್ದೆ. ಮನೆಗೆ ಬಂದವರಿಗೆ "ಇದು ಇವರ ಪ್ರಾರ್ಥನೆ, ಚರ್ಚಿನಲ್ಲಿ ನುಡಿಸ್ತಿದ್ದದ್ದು" ಎಂದು ವಿವರಿಸುತ್ತಿದ್ದೆ. ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ, ನನಗೇ ಹಾಗನ್ನಿಸಿತ್ತು, ಅಷ್ಟೆ. ಬಂದವರು ಕಣ್ಣು ಮುಚ್ಚಿ ಕೈ ಜೋಡಿಸಿ ಕೇಳುತ್ತಿದ್ದರು.

ಅವಳು ಅಭ್ಯಾಸ ಮಾಡುವಾಗ ಎದುರು ಕೂತು ತಾಳ ಹಾಕುತ್ತಿದ್ದವಳೂ ನಾನೇ. ಮೂರು ಎಣಿಕೆಯ ಆವರ್ತ. ಮೊದಲ ಎಣಿಕೆ ಸಮ, ಅಲ್ಲಿ ತೊಡೆಯ ಮೇಲೆ ಗಟ್ಟಿ ಪೆಟ್ಟು, ಮಿಕ್ಕ ಎರಡಕ್ಕೆ ಬೆರಳು. ನನಗೆ ಗೊತ್ತಿದ್ದ ಲೋಕದಲ್ಲಿ ಸಮ ಸಮವೇ.

ಆ ಚಳಿಗಾಲದ ಒಂದು ಶನಿವಾರ ಪಾಠಕ್ಕೆ ಹೋದಾಗ ಮಂಜು ಕವಿದಿತ್ತು. ನಾನು ಎಂದಿನಂತೆ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಮೂಲೆಯ ಸೋಫಾದ ಮೇಲೆ ಕೂತೆ. ಮಗಳು ಬೂಟು ಬಿಚ್ಚುತ್ತಿರಲಿಲ್ಲ, ಅಟ್ಟೆಯ ಕಾರಣಕ್ಕೆ ಅವಳಿಗೆ ನಾನೇ ರಿಯಾಯಿತಿ ಕೊಟ್ಟಿದ್ದೆ. ಅವಳು ಸಾರಬಾಂಡ್ ನುಡಿಸಿದಳು, ನಾನು ತೊಡೆಯ ಮೇಲೆ ತಾಳ ಹಾಕಿದೆ. ಮುಗಿದ ಮೇಲೆ ಟೀಚರ್ ನನ್ನ ಕಡೆ ತಿರುಗಿದರು. ಅವರಾಡಿದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ದಯವಿಟ್ಟು ಆ ತಟ್ಟೋದನ್ನ ನಿಲ್ಲಿಸ್ತೀರಾ? ಅವಳು ನಿಮ್ಮ ಕೈಯನ್ನೇ ನುಡಿಸ್ತಿದಾಳೆ. ಇದರಲ್ಲಿ ಭಾರ ಬೀಳೋದು ಎರಡನೇ ಎಣಿಕೆ ಮೇಲೆ."

ಎರಡನೆಯದರ ಮೇಲೆ ಭಾರವೇ? ನಾನು ತಬ್ಬಿಬ್ಬಾದೆ. ಟೀಚರ್ ಮಗಳಿಗೆ ಹೇಳಿದರು, "ಎಲ್ಲಾ ಸ್ವರ ಸರಿಯಾಗಿದೆ, ಆದ್ರೆ ಇದರಲ್ಲಿ ಜೀವ ಇಲ್ಲ. ಹೀಗೆ ನುಡಿಸಿದ್ರೆ ನಿನ್ನ ತಗೊಳ್ಳಲ್ಲ. ಚೆಲ್ಲೋ ಪಕ್ಕಕ್ಕಿಡು. ಎದ್ದು ಕುಣಿ."

ಪ್ರಾರ್ಥನೆಗೆ ಯಾರಾದರೂ ಕುಣಿಯುತ್ತಾರೆಯೇ ಎಂದು ನಾನು ಕೇಳಿಯೇ ಬಿಟ್ಟೆ. ಟೀಚರ್‌ಗೆ ನನ್ನ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರು ನಗಲಿಲ್ಲ, ಅದೊಂದು ಉಪಕಾರ ಮಾಡಿದರು. ಸಾರಬಾಂಡ್ ಎಂದರೇ ಒಂದು ನೃತ್ಯ ಎಂದರು. ಅದರ ಹಿಂದೆ ಮುಂದೆ ಬರುವ ತುಣುಕುಗಳೂ ಅಷ್ಟೇ, ಒಂದೊಂದೂ ಒಂದೊಂದು ಕುಣಿತ, ಕೊನೆಯದಂತೂ ಹಾರಿ ಹಾರಿ ಕುಣಿಯುವುದು. ಜನ ಕುಣಿಯುವುದನ್ನು ಬಿಟ್ಟ ಮೇಲೂ ಸಂಗೀತ ಉಳಿಯಿತು. ಫ್ರಾನ್ಸಿನ ಅರಮನೆಯವರು ಇದನ್ನು ನಿಧಾನ ಮಾಡಿ ಮರ್ಯಾದಸ್ಥರಿಗೆ ಒಪ್ಪುವಂತೆ ಮಾಡಿದರು. ಅದಕ್ಕೂ ಮೊದಲು ಸ್ಪೇನಿನಲ್ಲಿ ಇದು ಬೀದಿಯ ಕುಣಿತವಾಗಿತ್ತು, ಬಿರುಸಿನದು, ಸೊಂಟ ತಿರುಗಿಸಿ, ಕೈಯಲ್ಲಿ ಮರದ ಚಿಟಿಕೆ ತಾಳ ಹಿಡಿದು ಹಾಡಿಕೊಂಡು ಕುಣಿಯುವುದು. ಅದರ ಹಾಡುಗಳು ಎಷ್ಟು ಪೋಲಿಯಾಗಿದ್ದವೆಂದರೆ ಅಲ್ಲಿಯ ಸರ್ಕಾರ ಅದನ್ನು ನಿಷೇಧಿಸಿ, ಹಾಡಿದವರಿಗೆ ಛಡಿ ಏಟಿನ ಶಿಕ್ಷೆ ಇಟ್ಟಿತ್ತು.

ಹಚ್ಚಿದ ದೀಪದ ಮುಂದೆ, ನನ್ನ ಅತ್ತೆ ಧಾರವಾಡದಿಂದ ಕಳಿಸಿದ ವಿಠ್ಠಲನ ಮುಂದೆ, ಬಂದವರನ್ನೆಲ್ಲ ಕೈ ಮುಗಿಸಿ ನಾನು ಕೇಳಿಸಿದ್ದು ಛಡಿ ಏಟು ತಿಂದ ಕುಣಿತ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು. ಅವಳನ್ನು ಗದರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಟೀಚರ್ ಮೇಜನ್ನು ಗೋಡೆಗೆ ತಳ್ಳಿ, ನೆಲದ ಮೇಲೆ ಜಾಗ ಮಾಡಿ, "ಬೂಟು ಬಿಚ್ಚು" ಎಂದರು. ಮಗಳು ಬಗ್ಗಿ ದಾರ ಬಿಚ್ಚತೊಡಗಿದಳು.

"ಅವಳಿಗೆ ಆಗಲ್ಲ" ಎಂದೆ.

"ಯಾಕೆ?" ಎಂದರು ಟೀಚರ್.

ಈ ಹೆಂಗಸಿಗೆ ಕಣ್ಣಿಲ್ಲವೇ? ನಾಲ್ಕು ವರ್ಷದಿಂದ ವಾರ ವಾರ ಇದೇ ಬಾಗಿಲಿನಿಂದ ಒಳಗೆ ಬರುವ ಹುಡುಗಿಯನ್ನು ಈಕೆ ನೋಡಿಲ್ಲವೇ? ಅಥವಾ ನೋಡಿಯೂ ಕೇಳುತ್ತಿದ್ದಾರೆಯೇ? ನನಗೆ ಯಾವುದು ಹೆಚ್ಚು ಕೋಪ ತರಿಸಿತೋ ಹೇಳಲಾರೆ. "ಏಳು, ಹೋಗೋಣ" ಎಂದು ಮಗಳಿಗೆ ಕನ್ನಡದಲ್ಲಿ ಹೇಳಿ, ಚೆಲ್ಲೋವನ್ನು ಚೀಲಕ್ಕೆ ತುರುಕಿ, ಅದನ್ನು ಬೆನ್ನಿಗೇರಿಸಿ ಹೊರಟುಬಿಟ್ಟೆ. ಕಾರಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮನೆ ಬರುವ ಹೊತ್ತಿಗೆ "ಆಡಿಷನ್‌ಗೆ ಮೂರೇ ವಾರ ಇದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಇಳಿದು, ಕಾರಿನ ಬಾಗಿಲು ಧಡಾರನೆ ಹಾಕಿದಳು.

ನನ್ನ ಗಂಡ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದರು. ನಾನು ಕೋಟು ಕೂಡ ಬಿಚ್ಚದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೊಸ ಟೀಚರ್ ಹುಡುಕಬೇಕು, ಇವತ್ತೇ ಹುಡುಕಬೇಕು, ಮಗಳಿಗೆ ಅವಮಾನ ಮಾಡಿದ ಈಕೆಯ ಮನೆಯ ಹೊಸಿಲು ಇನ್ನು ತುಳಿಯುವುದಿಲ್ಲ ಎಂದೆ. ಅವರು ಗ್ಯಾಸ್ ಆರಿಸಿದರು.

"ನೀ ಸುಮ್ನ ಸಿಟ್ಟಿಗೇಳಬ್ಯಾಡ," ಎಂದರು. "ಅಕಿ ಸಾಲ್ಯಾಗ ಕುಣೀತಾಳ."

"ಏನಂದ್ರಿ?"

"ಡಾನ್ಸ್ ಕ್ಲಬ್ ಅದ ಅಲ್ಲೆ. ಹೋದ ವರ್ಷದಿಂದ ಹೋಗ್ಲಿಕತ್ತಾಳ. ಗುರುವಾರ ನಾ ಕರ್ಕೊಂಡು ಬರ್ತೀನಲ್ಲ, ಅದು ಸಾಲಿ ಆರ್ಕೆಸ್ಟ್ರಾ ಅಲ್ಲ."

ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಒಂದು ವರ್ಷ ಗುರುವಾರ ಗುರುವಾರ ಇವರಿಬ್ಬರೂ ನನ್ನೆದುರು ಊಟಕ್ಕೆ ಕೂತು, ಆರ್ಕೆಸ್ಟ್ರಾ ಹೇಗಾಯಿತು ಎಂದು ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದರು. ಇಬ್ಬರ ಮುಖದಲ್ಲೂ ಒಂದು ಗೆರೆ ಅಲುಗಿರಲಿಲ್ಲ. ಆಸ್ಪತ್ರೆಯಲ್ಲಿ ಜನರನ್ನು ಎಚ್ಚರ ತಪ್ಪಿಸುವ ಮನುಷ್ಯ ಮನೆಯಲ್ಲೂ ಅದೇ ಕೆಲಸ ಮಾಡುತ್ತಿದ್ದರು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರ ನೀ ಬಿಡ್ತಿದ್ದೇನು?"

ಬಿಡುತ್ತಿರಲಿಲ್ಲ, ನಿಜ. ಈಗಲೂ ಬಿಡಬಾರದೆಂದೇ ನನಗನ್ನಿಸುತ್ತಿತ್ತು. ಬೇರೆ ಮಕ್ಕಳ ಜೊತೆ, ಅವರ ಅಪ್ಪ ಅಮ್ಮಂದಿರ ಎದುರು. ನಾನು ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ ಗೋಡೆಗೆ ಇವರೇ ಕಿಂಡಿ ಕೊರೆದಿದ್ದರು.

"ನೀವು ನೋಡಿದೀರಾ?" ಎಂದು ಕೇಳಿದೆ.

"ಹೂಂ. ಕಾರಿನ್ಯಾಗ ಎಷ್ಟಂತ ಕೂಡೋದು? ಬಾಗಲದಾಗ ನಿಂತು ನೋಡೇನಿ."

"ಹೇಗೆ ಕಾಣ್ತಾಳೆ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಕುಂಟಿಕೋತ ಕುಣೀತಾಳ," ಎಂದರು. "ಛಂದ ಕುಣೀತಾಳ."

ಹನ್ನೊಂದು ವರ್ಷ ನಮ್ಮ ಮನೆಯೊಳಗೆ ಬಾರದಿದ್ದ ಪದವನ್ನು ಆ ಮನುಷ್ಯ ಶೇಂಗಾ ಬಾಣಲೆಯ ಪಕ್ಕ ನಿಂತು ಆಡಿದರು. ಆಡಿದ್ದು ಹೇಗೆಂದರೆ, ಅವಳ ಕೂದಲು ಉದ್ದ ಇದೆ ಎಂದ ಹಾಗೆ. ನನಗೆ ಅಳು ಬರಲಿಲ್ಲ. ಕಪಾಳಕ್ಕೆ ಹೊಡೆಸಿಕೊಂಡವರಿಗೆ ಮೊದಲ ಕ್ಷಣದಲ್ಲಿ ಏನೂ ಆಗುವುದಿಲ್ಲವಲ್ಲ, ಹಾಗಾಗಿತ್ತು. ಎದ್ದು ಹೋಗಿ ಹುರಿದ ಶೇಂಗಾದ ಸಿಪ್ಪೆ ಉಜ್ಜಿ ಊದತೊಡಗಿದೆ.

ಆಡಿಷನ್ ಏನಾಯಿತು ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಸೀಟು ಸಿಕ್ಕಿತು. ನಾನು ಹೇಳಹೊರಟಿದ್ದು ಅದರ ಹಿಂದಿನ ಶನಿವಾರದ ವಿಷಯ, ಮಗಳ ಹಟಕ್ಕೂ ಅವಳಪ್ಪನ ಮೌನಕ್ಕೂ ಸಾಕಾಗಿ ನಾನು ಮತ್ತೆ ಆ ಟೀಚರ್ ಮನೆಗೆ ಹೋದ ದಿನದ್ದು.

ಟೀಚರ್ ಏನೂ ಆಗದವರಂತೆ ಬಾಗಿಲು ತೆರೆದರು. ಮೇಜು ಆಗಲೇ ಗೋಡೆಗೆ ಸರಿದಿತ್ತು. ಮಗಳು ಕೋಟು ಬಿಚ್ಚಿ, ಬೂಟು ಬಿಚ್ಚಿ, ಕಾಲುಚೀಲದಲ್ಲಿ ನಿಂತಳು. ಅಟ್ಟೆಯಿಲ್ಲದೆ ನಿಂತಾಗ ಸೊಂಟ ಒಂದು ಕಡೆಗೆ ಇಳಿಯುತ್ತದೆ. ಟೀಚರ್ ಅವಳಿಗೆ ಹೆಜ್ಜೆ ತೋರಿಸಿದರು. ಮೊದಲನೆಯದು ಸಣ್ಣದು, ಸುಮ್ಮನೆ ಇಡುವುದು. ಎರಡನೆಯದರಲ್ಲಿ ಮಂಡಿ ಬಗ್ಗಿಸಿ, ಮೇಲೇರಿ, ಅಲ್ಲೇ ಕಾಯುವುದು. ಸಂಗೀತ ಮುಂದೆ ಹೋಗೆನ್ನುವ ತನಕ ಮೈಭಾರವನ್ನೆಲ್ಲ ಆ ಒಂದು ಕಾಲಿನ ಮೇಲೆ ಹೊತ್ತು ನಿಲ್ಲುವುದು. ಯಾವ ಕಾಲಿನ ಮೇಲೆ ಎಂದು ನಾನು ಕೇಳಲಿಲ್ಲ.

ಟೀಚರ್ ಹೋಗಿ ಚೆಲ್ಲೋ ಹಿಡಿದು ಕೂತರು. ಅದೇ ಸಾರಬಾಂಡ್ ಶುರುವಾಯಿತು. ಮಗಳ ಕಾಲುಚೀಲ ಕಾರ್ಪೆಟ್ಟಿನ ಮೇಲೆ ಸವರುವ ಸದ್ದು ಕೇಳುತ್ತಿತ್ತು. ಎಲ್ಲೋ ಒಂದು ಕಡೆ ತಡವರಿಸಿದಳು, ಮತ್ತೆ ಶುರು ಮಾಡಿದಳು. ಆಮೇಲೆ ಸದ್ದು ನಿಂತಿತು. ಚೆಲ್ಲೋ ಕೂಡ ನಿಂತಿತು.

"ಅಮ್ಮ, ನೀನು ನೋಡ್ತಾ ಇಲ್ಲ," ಎಂದಳು ಮಗಳು.

"ನೋಡ್ತಾನೇ ಇದೀನಲ್ಲ."

"ಇಲ್ಲ. ಬೆಕ್ಕನ್ನ ನೋಡ್ತಿದೀಯ."

ಹೌದು, ಬೆಕ್ಕು ಪಿಯಾನೋದ ಮೇಲೆ ಮಲಗಿತ್ತು, ಅದರ ಒಂದು ಕಿವಿ ಹರಿದಿತ್ತು, ಅದು ನನಗೆ ಗೊತ್ತಿತ್ತು. ಮಗಳು ಮುಂದಿನದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಕೋಪದಿಂದ ಹೇಳಿದ್ದರೆ ನಾನು ತಿರುಗಿ ಜಗಳವಾಡಬಹುದಿತ್ತು. ಅವಳು ಬಹಳ ದಿನದಿಂದ ಗೊತ್ತಿರುವ ಸಂಗತಿಯನ್ನು ಹೇಳುವ ಹಾಗೆ ಹೇಳಿದಳು. "ಬಸ್ಸಲ್ಲಿ ಜನ ನೋಡ್ತಾರೆ, ಸ್ಕೂಲಲ್ಲಿ ನೋಡ್ತಾರೆ, ನಿನ್ನ ಕನ್ನಡ ಆಂಟಿಗಳೂ ನೋಡ್ತಾರೆ. ನೋಡಲಿ, ನಂಗೇನೂ ಅನ್ಸಲ್ಲ. ನಾನು ನಡೆಯೋವಾಗ ಬೇರೆ ಕಡೆ ನೋಡೋದು ನೀನೊಬ್ಬಳೇ."

ಸುಳ್ಳು ಎನ್ನಲು ಬಾಯಿ ತೆರೆದೆ. ಶಾಲೆಯ ಗೇಟಿನಿಂದ ಅವಳು ಕಾರಿನ ಕಡೆ ಬರುವಾಗ ನಾನು ಕೈಚೀಲದಲ್ಲಿ ಕೀಲಿ ಹುಡುಕುತ್ತೇನೆ. ಕೀಲಿ ಕಾರಿನಲ್ಲೇ ಇರುತ್ತದೆ. ರೈಲಿಗೆ ಹೋಗುವಾಗ ಚೆಲ್ಲೋ ಹೊತ್ತು ಮುಂದೆ ಮುಂದೆ ಹೋಗುತ್ತೇನೆ, ಅವಳಿಗೆ ಸಹಾಯವಾಗಲೆಂದು. ಅವಳು ಕಾಲಿಡುವಾಗ ಮೊದಲು ನೆಲಕ್ಕೆ ತಾಗುವುದು ಬೆರಳೋ ಹಿಮ್ಮಡಿಯೋ ಎಂದು ಆ ಕ್ಷಣ ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಅವಳಿಗೆ ಯಾವ ಪಲ್ಯ ಸೇರುವುದಿಲ್ಲ, ನಿದ್ದೆಯಲ್ಲಿ ಯಾವ ಮಗ್ಗುಲಿಗೆ ತಿರುಗುತ್ತಾಳೆ, ಎಲ್ಲ ಬಲ್ಲೆ ಎಂದುಕೊಂಡಿದ್ದ ನನಗೆ, ನನ್ನ ಮಗಳು ಹೇಗೆ ನಡೆಯುತ್ತಾಳೆಂದು ಗೊತ್ತಿರಲಿಲ್ಲ.

ಟೀಚರ್ ಯಾರನ್ನೂ ಕೇಳದೆ ಮೊದಲಿನಿಂದ ನುಡಿಸತೊಡಗಿದರು. ನಾನು ಎರಡೂ ಅಂಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ನೋಡಿದೆ.

ಬೆರಳು ಮೊದಲು ತಾಗುತ್ತದೆ. ಹಿಮ್ಮಡಿ ಆಮೇಲೆ ಇಳಿಯುತ್ತದೆ, ಇಳಿಯುವಾಗ ಬಲ ಭುಜ ಸ್ವಲ್ಪ ಮೇಲೇಳುತ್ತದೆ. ಎರಡನೆಯ ಹೆಜ್ಜೆಗೆ ಅವಳು ಎಡಗಾಲಿನ ಮೇಲೆ ಬಂದಾಗ ಬಿದ್ದೇಬಿಡುತ್ತಾಳೆ ಎನಿಸಿತು. ಅವಳು ಬೀಳಲಿಲ್ಲ, ಸೊಂಟ ಇಳಿಸಿಕೊಂಡು ಅಲ್ಲೇ ಕಾದಳು. ಹಾಗೆ ಕಾಯುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಒಪ್ಪಿಕೊಳ್ಳಲು ನನಗೆ ಕಷ್ಟ, ಆದರೆ ಅವಳಪ್ಪ ಹೇಳಿದ್ದರಲ್ಲಿ ಎರಡು ಮಾತೂ ನಿಜವಾಗಿದ್ದವು.

ಮುಗಿದಾಗ ಮಗಳ ಮೂಗಿನ ಮೇಲೆ ಬೆವರಿತ್ತು. "ನೋಯ್ತಿದ್ಯಾ?" ಎಂದು ಕೇಳಿದೆ. ಆಪರೇಷನ್ನಿನ ದಿನಗಳಾದ ಮೇಲೆ ನಾನು ಆ ಪ್ರಶ್ನೆಯನ್ನು ಕೇಳಿದ್ದು ನೆನಪಿಲ್ಲ. ಕೇಳಿದರೆ ಕಾಲಿನ ವಿಷಯ ಬರುತ್ತಿತ್ತು.

"ಇಲ್ಲ, ಓಡಾಡುವಾಗ ಅಷ್ಟೊಂದಿಲ್ಲ," ಎಂದಳು, ಬೂಟಿನ ದಾರ ಕಟ್ಟಿಕೊಳ್ಳುತ್ತ. "ಕೂತಾಗ ನೋಯುತ್ತೆ. ತುಂಬಾ ಹೊತ್ತು ಕೂತ್ರೆ."

ನಾನು ಟೀಚರ್ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಎದ್ದು ನಿಂತು ಚೆಲ್ಲೋವನ್ನು ಮಗಳ ಕೈಗೆ ಕೊಟ್ಟರು.

ಅವಳು ಹೋಗಿ ತನ್ನ ಕುರ್ಚಿಯ ಮುಂದೆ ನಿಂತಳು. ಮೊದಲು ಒಂದು ಕೈಯಿಂದ ಕುರ್ಚಿಯ ಅಂಚು ಹಿಡಿದಳು. ಬಲಗಡೆಗೆ ಭಾರ ಹಾಕಿ ಮೆಲ್ಲಗೆ ಇಳಿದಳು, ಹಲ್ಲು ಕಚ್ಚಿದ್ದು ದವಡೆಯ ಮೇಲೆ ಕಂಡಿತು. ಆಮೇಲೆ ಎಡಗಾಲನ್ನು ಮಂಡಿಯ ಕೆಳಗೆ ಕೈಹಾಕಿ ಎತ್ತಿ, ಚೆಲ್ಲೋದ ಆ ಬದಿಗೆ, ಅದರ ಜಾಗಕ್ಕೆ ಇಟ್ಟುಕೊಂಡಳು. ಅಷ್ಟಾದ ಮೇಲೆ ಕಮಾನು ಎತ್ತಿದಳು. ಇದನ್ನೆಲ್ಲ ಅವಳು ನಾಲ್ಕು ವರ್ಷದಿಂದ, ದಿನವೂ, ನನ್ನ ಎದುರಿಗೇ ಮಾಡುತ್ತಿದ್ದಳು.